ನೇತ್ರಾಣಿಯಲ್ಲಿ ಪ್ರವಾಸಿಗರ ಜೊತೆ ನೀರಿಗಿಳಿಯೋ ‘ಡೈವ್‌ಮಾಸ್ಟರ್’ ಆಗೋದು ಹೇಗೆ? ಈಜು, ಪರೀಕ್ಷೆ, ಖರ್ಚು, ಕೆಲಸ: ಪೂರ್ತಿ ಮಾಹಿತಿ

ಭಟ್ಕಳ: ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಬೋಟ್‌ಗಳು ಹೊರಡುತ್ತವೆ. ದಡದಿಂದ ಸುಮಾರು 19 ಕಿ.ಮೀ. ದೂರದ ಈ ಪುಟ್ಟ ದ್ವೀಪ ಈಗ ರಾಜ್ಯದ ಜನರಿಗೆಲ್ಲ ಪರಿಚಿತ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಬಂದ ಮೇಲಂತೂ ಹೆಸರು ಕೇಳದವರೇ ಕಡಿಮೆ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರೋರು ಲಾಡ್ಜ್ ಹಿಡಿಯುತ್ತಾರೆ, ಊಟ ಮಾಡುತ್ತಾರೆ, ಆಟೋ ಹತ್ತುತ್ತಾರೆ, ಬೆಳಿಗ್ಗೆ ಬೋಟ್ ಏರುತ್ತಾರೆ. ಆದರೆ ನೀರಿನೊಳಗೆ ಅವರ ಕೈ ಹಿಡಿಯೋ ಕೆಲಸಕ್ಕೆ ನಮ್ಮ ತಾಲೂಕಿನ ಹುಡುಗ-ಹುಡುಗಿಯರು ಸೇರೋದು ಹೇಗೆ ಅನ್ನೋ ಮಾಹಿತಿ ಮಾತ್ರ ಕನ್ನಡದಲ್ಲಿ ಸಿಗೋದು ಕಡಿಮೆ.

ಆ ಕೆಲಸದ ಮೊದಲ ವೃತ್ತಿಪರ ಮೆಟ್ಟಿಲಿನ ಹೆಸರು ‘ಡೈವ್‌ಮಾಸ್ಟರ್’. ಇದಕ್ಕೆ ಡಿಗ್ರಿ ಬೇಡ, ಪಿಯುಸಿ ಅಂಕಪಟ್ಟಿ ಕೇಳಲ್ಲ. ಹಾಗಂತ ಸುಲಭವೂ ಅಲ್ಲ. ವಯಸ್ಸು, ಆರೋಗ್ಯ, ಈಜು, ಲೆಕ್ಕ, ದುಡ್ಡು, ತಾಳ್ಮೆ ಎಲ್ಲವೂ ಬೇಕು. ಒಂದೊಂದಾಗಿ ನೋಡೋಣ.

■ ಡೈವ್‌ಮಾಸ್ಟರ್ ಅಂದ್ರೆ ಯಾರು?

ಈಗಾಗಲೇ ಸ್ಕೂಬಾ ಕಲಿತು ಕಾರ್ಡ್ ಪಡೆದವರನ್ನ ಸಮುದ್ರದೊಳಗೆ ಕರೆದೊಯ್ದು ಸುರಕ್ಷಿತವಾಗಿ ವಾಪಸ್ ತರೋ ವ್ಯಕ್ತಿಯೇ ಡೈವ್‌ಮಾಸ್ಟರ್. ಜೊತೆಗೆ ಇನ್‌ಸ್ಟ್ರಕ್ಟರ್ ಪಾಠ ಮಾಡುವಾಗ ಸಹಾಯಕ್ಕೆ ನಿಲ್ಲುತ್ತಾರೆ. ಈ ಮಟ್ಟಕ್ಕೆ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 24801-3 ಅನ್ನೋ ದಾಖಲೆಯಲ್ಲಿ ‘ಡೈವ್ ಲೀಡರ್’ ಅಂತ ಕರೆಯೋದು ಇದನ್ನೇ.

ತರಬೇತಿ ಕೊಟ್ಟು ಕಾರ್ಡ್ ಕೊಡೋದು ಸರ್ಕಾರ ಅಲ್ಲ, ಜಗತ್ತಿನಾದ್ಯಂತ ಕೆಲಸ ಮಾಡೋ ಏಜೆನ್ಸಿಗಳು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿ ಹೆಚ್ಚು ಪ್ರಚಲಿತ. ಎಸ್‌ಎಸ್‌ಐ, ನಾವಿ, ಸಿಮಾಸ್ ಕೂಡ ಇವೆ. ಹೆಸರು, ಪುಸ್ತಕ ಬೇರೆ ಇದ್ದರೂ ಕಲಿಯೋ ವಿಷಯ ಹತ್ತಿರ ಹತ್ತಿರ ಒಂದೇ. ಈ ಲೇಖನದಲ್ಲಿರೋ ನಿಯಮಗಳು ಪ್ಯಾಡಿ ಪದ್ಧತಿಯವು.

■ ‘ಮುಳುಗು ತಜ್ಞ’ ಬೇರೆ, ಡೈವ್‌ಮಾಸ್ಟರ್ ಬೇರೆ

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಈಶ್ವರ ಮಲ್ಪೆ ಮತ್ತು ಅವರ ತಂಡ ಹುಡುಕಾಟ ನಡೆಸಿದ್ದನ್ನ ಜಿಲ್ಲೆಯ ಜನ ನೋಡಿದ್ದಾರೆ. ಪತ್ರಿಕೆಗಳು ಅಂಥವರನ್ನ ‘ಮುಳುಗು ತಜ್ಞ’ ಅಂತ ಬರೆಯುತ್ತವೆ. ಕೆಸರು ನೀರಲ್ಲಿ, ಜೋರು ಹರಿವಲ್ಲಿ ಶವ ಅಥವಾ ವಾಹನ ಹುಡುಕೋದು ಬೇರೆಯೇ ಅನುಭವ ಬೇಡೋ ಕೆಲಸ.

ಬಂದರು, ತೈಲ ಬಾವಿಗಳಲ್ಲಿ ನೀರಿನಡಿ ವೆಲ್ಡಿಂಗ್ ಮಾಡೋರು ಮೂರನೇ ಗುಂಪು. ಅವರನ್ನ ಕಮರ್ಷಿಯಲ್ ಡೈವರ್ ಅಂತಾರೆ. ಬಹುಪಾಲು ಕೆಲಸದಲ್ಲಿ ಅವರಿಗೆ ಗಾಳಿ ಮೇಲಿನಿಂದ ಪೈಪ್‌ನಲ್ಲಿ ಬರುತ್ತೆ, ತರಬೇತಿ ಸಂಸ್ಥೆಗಳೂ ಬೇರೆ. ಡೈವ್‌ಮಾಸ್ಟರ್ ಕಾರ್ಡ್ ಹಿಡಿದು ‘ಗಲ್ಫ್‌ನಲ್ಲಿ ವೆಲ್ಡಿಂಗ್ ಡೈವರ್ ಕೆಲಸ ಕೊಡಿಸ್ತೀವಿ’ ಅನ್ನೋ ಏಜೆಂಟ್ ಮಾತು ನಂಬಬಾರದು. ಈ ಕಾರ್ಡ್ ಮನರಂಜನಾ ಡೈವಿಂಗ್‌ಗೆ ಮಾತ್ರ.

■ ಮೆಟ್ಟಿಲು ಎಷ್ಟು?

ನೇರವಾಗಿ ಡೈವ್‌ಮಾಸ್ಟರ್ ಕೋರ್ಸಿಗೆ ಸೇರೋಕೆ ಆಗಲ್ಲ. ಕೆಳಗಿನ ಮೆಟ್ಟಿಲು ಹತ್ತಿಯೇ ಬರಬೇಕು.

1. ಓಪನ್ ವಾಟರ್ ಡೈವರ್: ಮೊದಲ ಕಾರ್ಡ್. ಪೂಲ್ ಅಥವಾ ಶಾಂತ ನೀರಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ 4 ಡೈವ್. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಮುಗಿದ ಮೇಲೆ 18 ಮೀಟರ್ ಆಳದವರೆಗೆ ಹೋಗಬಹುದು.

2. ಅಡ್ವಾನ್ಸ್ಡ್ ಓಪನ್ ವಾಟರ್: 5 ಡೈವ್. ಇದರಲ್ಲಿ ಆಳದ ಡೈವ್ ಮತ್ತು ಕಂಪಾಸ್ ಹಿಡಿದು ದಾರಿ ಕಂಡುಹಿಡಿಯೋ ಡೈವ್ ಕಡ್ಡಾಯ. ಆಳದ ಮಿತಿ 30 ಮೀಟರ್‌ಗೆ ಏರುತ್ತೆ.

3. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್: ಉಸಿರು ನಿಂತವರಿಗೆ ಎದೆ ಒತ್ತೋದು, ಬಾಯಿಂದ ಉಸಿರು ಕೊಡೋದು, ರಕ್ತಸ್ರಾವ ನಿಲ್ಲಿಸೋದು. ಡೈವ್‌ಮಾಸ್ಟರ್ ಆಗುವಾಗ ಈ ತರಬೇತಿ 24 ತಿಂಗಳೊಳಗಿನದ್ದಾಗಿರಬೇಕು.

4. ರೆಸ್ಕ್ಯೂ ಡೈವರ್: ಇಲ್ಲಿವರೆಗೆ ಕಲಿತಿದ್ದು ತನ್ನ ಬಗ್ಗೆ, ಇಲ್ಲಿಂದ ಕಲಿಯೋದು ಬೇರೆಯವರ ಬಗ್ಗೆ. ಗಾಬರಿಯಾದವರನ್ನ ಹಿಡಿಯೋದು, ಪ್ರಜ್ಞೆ ತಪ್ಪಿದವರನ್ನ ಮೇಲೆ ತಂದು ದಡ ಸೇರಿಸೋದು.

5. ಡೈವ್‌ಮಾಸ್ಟರ್: ವಯಸ್ಸು 18 ತುಂಬಿರಬೇಕು. ಕೋರ್ಸ್ ಶುರು ಮಾಡೋಕೆ ಲಾಗ್‌ಬುಕ್‌ನಲ್ಲಿ 40 ಡೈವ್, ಮುಗಿಸಿ ಸರ್ಟಿಫಿಕೇಟ್ ಪಡೆಯೋಕೆ 60 ಡೈವ್ ಇರಬೇಕು. 12 ತಿಂಗಳೊಳಗೆ ವೈದ್ಯರು ಸಹಿ ಮಾಡಿದ ಫಿಟ್‌ನೆಸ್ ಫಾರ್ಮ್ ಕೊಡಬೇಕು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಮೊದಲೆರಡು ಕೋರ್ಸಿನಲ್ಲಿ ಸಿಗೋದು 9 ಡೈವ್, ರೆಸ್ಕ್ಯೂನಲ್ಲಿ ಇನ್ನಷ್ಟು. 40 ತಲುಪೋಕೆ ಉಳಿದದ್ದನ್ನ ದುಡ್ಡು ಕೊಟ್ಟೋ, ಡೈವ್ ಸೆಂಟರ್‌ನಲ್ಲಿ ದುಡಿದೋ ಮಾಡಬೇಕು. ಕೋರ್ಸ್ ಫೀ ಮಾತ್ರ ಲೆಕ್ಕ ಹಾಕಿ ಹೊರಟವರು ಸಿಕ್ಕಿಬೀಳೋದು ಇಲ್ಲೇ.

■ ನೀರಲ್ಲಿ ಏನು ಪರೀಕ್ಷೆ?

ಕಡಲ ಮಕ್ಕಳಿಗೆ ಈಜು ಹೇಳಿಕೊಡಬೇಕಾ ಅಂತ ಕೇಳಬಹುದು. ಆದರೆ ಇಲ್ಲಿ ಸ್ಟಾಪ್‌ವಾಚ್ ಹಿಡಿದು ಅಂಕ ಕೊಡುತ್ತಾರೆ. 1ರಿಂದ 5ರವರೆಗೆ ಅಂಕ.

* ಯಾವ ಸಲಕರಣೆಯೂ ಇಲ್ಲದೆ 400 ಮೀಟರ್ ನಿಲ್ಲದೆ ಈಜಬೇಕು. ಆರೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 5 ಅಂಕ. 11 ನಿಮಿಷ ದಾಟಿದರೆ 2.
* 15 ನಿಮಿಷ ನೀರಲ್ಲಿ ನಿಂತಲ್ಲೇ ತೇಲಬೇಕು. ಕೊನೆಯ 2 ನಿಮಿಷ ಎರಡೂ ಕೈ ನೀರಿಂದ ಮೇಲಿರಬೇಕು.
* ಮಾಸ್ಕ್, ಫಿನ್, ಸ್ನಾರ್ಕೆಲ್ ಹಾಕಿ, ಮುಖ ನೀರೊಳಗಿಟ್ಟು, ಕೈ ಬಳಸದೆ 800 ಮೀಟರ್ ಈಜಬೇಕು.
* ಸುಸ್ತಾದ ಡೈವರ್‌ನ ಪೂರ್ತಿ ಸಲಕರಣೆ ಸಮೇತ 100 ಮೀಟರ್ ಎಳೆದು ತರಬೇಕು.
* ನೀರಿನಡಿ ಇಬ್ಬರು ಒಂದೇ ರೆಗ್ಯುಲೇಟರ್‌ನಲ್ಲಿ ಸರದಿ ಪ್ರಕಾರ ಉಸಿರಾಡುತ್ತಾ ಮಾಸ್ಕ್, ಫಿನ್, ಸಿಲಿಂಡರ್ ಕಟ್ಟಿದ ಜಾಕೆಟ್ ಎಲ್ಲವನ್ನೂ ಒಬ್ಬರಿಗೊಬ್ಬರು ಬದಲಿಸಿಕೊಳ್ಳಬೇಕು.

ಕೊನೆಯ ಪರೀಕ್ಷೆ ನೋಡೋರಿಗೆ ಸರ್ಕಸ್ ಥರ ಕಾಣುತ್ತೆ. ಆದರೆ ಉದ್ದೇಶ ಬೇರೆ. ಮಾಸ್ಕ್ ಇಲ್ಲ, ಬಾಯಲ್ಲಿ ಗಾಳಿ ಇಲ್ಲ, ಕಣ್ಣಿಗೆ ಉಪ್ಪುನೀರು. ಅಂಥ ಹೊತ್ತಲ್ಲಿ ತಲೆ ಓಡುತ್ತಾ, ಜೊತೆಯವನ ಉಸಿರಿನ ನೆನಪಿರುತ್ತಾ ಅಂತ ನೋಡೋದು.

ಇದರ ಮೇಲೆ 24 ಮೂಲ ಕೌಶಲಗಳನ್ನ ಹೊಸಬರಿಗೆ ಅರ್ಥವಾಗೋ ಹಾಗೆ ನಿಧಾನವಾಗಿ ಮಾಡಿ ತೋರಿಸಬೇಕು. ಒಂದು ಡೈವ್ ಜಾಗದ ನಕ್ಷೆ ಬರೆಯಬೇಕು. ಕಳೆದುಹೋದ ವಸ್ತು ಹುಡುಕಿ ಗಾಳಿಚೀಲ ಕಟ್ಟಿ ಮೇಲೆತ್ತಬೇಕು. ಆಳದ ಡೈವ್ ಯೋಜನೆ ಹಾಕಬೇಕು. ಪ್ರಜ್ಞೆ ತಪ್ಪಿದ ಡೈವರ್‌ನ ರಕ್ಷಿಸೋದನ್ನ ಪೂರ್ತಿಯಾಗಿ ಮಾಡಿ ತೋರಿಸಬೇಕು. ನಿಜವಾದ ವಿದ್ಯಾರ್ಥಿಗಳ ಜೊತೆ, ನಿಜವಾದ ಡೈವರ್‌ಗಳ ಜೊತೆ ಕೆಲಸ ಮಾಡುವಾಗಲೂ ಇನ್‌ಸ್ಟ್ರಕ್ಟರ್ ಗಮನಿಸುತ್ತಲೇ ಇರುತ್ತಾರೆ.

■ ಉಸಿರು ಕಟ್ಟೋ ಅಭ್ಯಾಸ ಬಿಡಬೇಕು

ನೀಲಿಕಲ್ಲು ತೆಗೆಯೋಕೆ ಬಂಡೆ ಬುಡಕ್ಕೆ ಮುಳುಗಿ ಬೆಳೆದವರಿಗೆ ಉಸಿರು ಬಿಗಿಹಿಡಿಯೋದು ರೂಢಿ. ಸ್ಕೂಬಾದಲ್ಲಿ ಅದೇ ರೂಢಿ ಪ್ರಾಣಕ್ಕೆ ಕುತ್ತು. ಕಾರಣ ಸರಳ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತೆ. ಮೇಲ್ಮೈಯಲ್ಲಿ 1 ಇದ್ದದ್ದು 10 ಮೀಟರ್‌ನಲ್ಲಿ 2, 20 ಮೀಟರ್‌ನಲ್ಲಿ 3, 30 ಮೀಟರ್‌ನಲ್ಲಿ 4. ನೀಲಿಕಲ್ಲಿಗೆ ಮುಳುಗೋರು ದಡದ ಗಾಳಿಯನ್ನ ಎದೆಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಕೆಳಗೆ ಅದು ಕುಗ್ಗುತ್ತೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತೆ. ತೊಂದರೆ ಇಲ್ಲ. ಸ್ಕೂಬಾದವರು ಹಾಗಲ್ಲ, 10 ಮೀಟರ್ ಕೆಳಗೇ ಎದೆ ತುಂಬ ಗಾಳಿ ಎಳೆಯುತ್ತಾರೆ. ಅಲ್ಲಿಂದ ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಹರಿಯಬಹುದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಅದಕ್ಕೇ ಸ್ಕೂಬಾದ ಮೊದಲ ಪಾಠ: ಉಸಿರಾಡುತ್ತಲೇ ಇರಿ, ಯಾವತ್ತೂ ಉಸಿರು ಕಟ್ಟಬೇಡಿ.

ಡೈವ್‌ಮಾಸ್ಟರ್ ಇದನ್ನ ತಿಳಿದರೆ ಸಾಲದು, ಗಾಬರಿಯಾಗಿ ಬಾಯಿ ಮುಚ್ಚಿ ಮೇಲಕ್ಕೆ ನುಗ್ಗೋ ಪ್ರವಾಸಿಯನ್ನ ಗುರುತಿಸಿ ತಡೆಯಬೇಕು.

■ ಪುಸ್ತಕದ ಪಾಠ ಎಷ್ಟು?

ಭೌತಶಾಸ್ತ್ರ, ಶರೀರಶಾಸ್ತ್ರ, ಸಲಕರಣೆ, ಡಿಕಂಪ್ರೆಷನ್ ಲೆಕ್ಕ, ಸಮುದ್ರದ ಪರಿಸರ, ಡೈವ್ ಮೇಲ್ವಿಚಾರಣೆ. ಬರವಣಿಗೆ ಪರೀಕ್ಷೆಯಲ್ಲಿ ಪಾಸಾಗೋಕೆ 75% ಬೇಕು. ಪಾಠದ ಪುಸ್ತಕ, ಆ್ಯಪ್ ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಸಿಗೋದು. ಕನ್ನಡ ಮಾಧ್ಯಮದವರಿಗೆ ಇದೇ ದೊಡ್ಡ ತೊಡಕು. ಆದರೆ ವಿಷಯ ಎಸ್‌ಎಸ್‌ಎಲ್‌ಸಿ ವಿಜ್ಞಾನಕ್ಕಿಂತ ತೀರಾ ದೂರದ್ದಲ್ಲ. ಮುಖ್ಯವಾದ ಕೆಲವು ಸಂಗತಿ ಇಲ್ಲಿವೆ.

ಸಿಲಿಂಡರ್‌ನಲ್ಲಿರೋದು ಆಕ್ಸಿಜನ್ ಅಲ್ಲ: ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ಆಕ್ಸಿಜನ್ ಸುಮಾರು 21%, ಉಳಿದದ್ದು ಬಹುತೇಕ ನೈಟ್ರೋಜನ್. ಶುದ್ಧ ಆಕ್ಸಿಜನ್ ಉಸಿರಾಡಿ 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು.

ಗಾಳಿ ಎಷ್ಟು ಹೊತ್ತು ಬರುತ್ತೆ: ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದ್ದು. 200 ಬಾರ್ ತುಂಬಿಸಿದರೆ ಸುಮಾರು 2,200 ಲೀಟರ್ ಗಾಳಿ. 50 ಬಾರ್ ಮೀಸಲು ಬಿಟ್ಟರೆ ಬಳಸೋಕೆ ಸಿಗೋದು 1,650 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋ ಮನುಷ್ಯ 10 ಮೀಟರ್‌ನಲ್ಲಿ 40 ಲೀಟರ್ ಎಳೆಯುತ್ತಾನೆ. ಅಂದ್ರೆ ಸುಮಾರು 41 ನಿಮಿಷ. 20 ಮೀಟರ್‌ನಲ್ಲಿ 60 ಲೀಟರ್, ಸುಮಾರು 27 ನಿಮಿಷ. ಗಾಬರಿಯಾಗಿ ಏದುಸಿರು ಬಿಡೋರಿಗೆ ಇನ್ನೂ ಬೇಗ ಖಾಲಿ. ಗುಂಪಿನಲ್ಲಿ ಯಾರ ಗಾಳಿ ಮೊದಲು ಮುಗಿಯುತ್ತೆ ಅಂತ ಅಂದಾಜು ಮಾಡೋದೇ ಡೈವ್‌ಮಾಸ್ಟರ್‌ನ ಅರ್ಧ ಕೆಲಸ.

ನೈಟ್ರೋಜನ್ ಲೆಕ್ಕ: ಆಳದಲ್ಲಿ ನೈಟ್ರೋಜನ್ ರಕ್ತ, ಮಾಂಸಖಂಡದಲ್ಲಿ ಕರಗುತ್ತೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಬರೋ ಹಾಗೆ ಗುಳ್ಳೆ ಏಳುತ್ತೆ. ಕೀಲುನೋವು, ಮರಗಟ್ಟೋದು, ಲಕ್ವ ಹೊಡೆದ ಹಾಗೆ ಆಗೋದು ಇದರ ಲಕ್ಷಣ. ಅದಕ್ಕೆ ಸಮಯದ ಮಿತಿ ಇದೆ. ಪ್ಯಾಡಿ ಕೋಷ್ಟಕದ ಪ್ರಕಾರ ದಿನದ ಮೊದಲ ಡೈವ್‌ನಲ್ಲಿ 12 ಮೀಟರ್‌ಗೆ 147 ನಿಮಿಷ, 18 ಮೀಟರ್‌ಗೆ 56 ನಿಮಿಷ, 30 ಮೀಟರ್‌ಗೆ ಬರೀ 20 ನಿಮಿಷ. ಮೇಲೇರೋ ವೇಗ ನಿಮಿಷಕ್ಕೆ 18 ಮೀಟರ್ ದಾಟಬಾರದು. 5 ಮೀಟರ್‌ನಲ್ಲಿ 3 ನಿಮಿಷ ನಿಂತು ಬರಬೇಕು. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಸಂಜೆ ವಿಮಾನ ಬುಕ್ ಮಾಡಿಕೊಂಡು ಬೆಳಿಗ್ಗೆ ಡೈವ್‌ಗೆ ಬರೋ ಪ್ರವಾಸಿಗರಿಗೆ ಲಾಡ್ಜ್‌ನವರೇ ಈ ಮಾತು ಹೇಳಿದರೆ ದೊಡ್ಡ ಉಪಕಾರ.

ಕಣ್ಣು, ಕಿವಿ ಮೋಸ ಮಾಡುತ್ತವೆ: ನೀರೊಳಗೆ ವಸ್ತು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತೆ. ಕೆಂಪು ಬಣ್ಣ ಮೊದಲು ಮಾಯವಾಗುತ್ತೆ. ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಸಾಗೋದರಿಂದ ಬೋಟ್ ಎಂಜಿನ್ ಯಾವ ದಿಕ್ಕಲ್ಲಿದೆ ಅಂತ ಗೊತ್ತಾಗಲ್ಲ.

ಹೆಬ್ಬೆರಳು ಎತ್ತಬೇಡಿ: ದಡದಲ್ಲಿ ಹೆಬ್ಬೆರಳು ಎತ್ತಿದರೆ ‘ಸೂಪರ್’. ನೀರೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಎಲ್ಲ ಸರಿ ಇದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ಮಾಡಬೇಕು.

■ ತಲೆ ಎಣಿಸೋದು ಸಣ್ಣ ಕೆಲಸ ಅಲ್ಲ

1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವ್‌ಗೆ ಹೋದ ಅಮೆರಿಕದ ದಂಪತಿಯನ್ನ ಬೋಟ್ ಸಮುದ್ರದಲ್ಲೇ ಬಿಟ್ಟು ವಾಪಸ್ ಬಂತು. ಎಣಿಕೆ ತಪ್ಪಿತ್ತು. ಇಬ್ಬರು ಇಲ್ಲ ಅಂತ ಗೊತ್ತಾಗಿದ್ದು ಎರಡು ದಿನದ ಮೇಲೆ. ಅವರು ಸಿಗಲೇ ಇಲ್ಲ. ಆಮೇಲೆ ಅಲ್ಲಿನ ಸರ್ಕಾರ ಎಣಿಕೆಯ ನಿಯಮ ಬಿಗಿ ಮಾಡಿತು. ಡೈವ್‌ಮಾಸ್ಟರ್ ಕೋರ್ಸಿನಲ್ಲಿ ಹೆಸರು ಕೂಗಿ, ಮುಖ ನೋಡಿ, ಪಟ್ಟಿಯಲ್ಲಿ ಗುರುತು ಹಾಕೋದನ್ನ ಒತ್ತಿ ಒತ್ತಿ ಹೇಳೋದು ಇಂಥ ಕಾರಣಕ್ಕೇ.

ನೀರಿಗೆ ಇಳಿಯೋ ಮೊದಲು ಡೈವ್‌ಮಾಸ್ಟರ್ ಮಾಡೋ ಕೆಲಸ ಹೀಗಿರುತ್ತೆ: ಗಾಳಿ, ಅಲೆ, ಸೆಳೆತ ನೋಡೋದು. ಈ ವಿಷಯದಲ್ಲಿ ನಮ್ಮ ತಾಂಡೇಲರ ಮಾತು ಕೇಳೋ ಡೈವ್‌ಮಾಸ್ಟರ್ ಜಾಣ. ಪ್ರತಿ ಸಿಲಿಂಡರ್‌ನ ಒತ್ತಡ ಓದೋದು. ಆಕ್ಸಿಜನ್ ಕಿಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬೋಟ್‌ನಲ್ಲಿದೆಯಾ ನೋಡೋದು. ಜೋಡಿ ಮಾಡೋದು. ಎಷ್ಟು ಆಳ, ಎಷ್ಟು ಹೊತ್ತು, ದಾರಿ ತಪ್ಪಿದರೆ ಏನು ಮಾಡಬೇಕು ಅಂತ ಎಲ್ಲರಿಗೂ ಹೇಳೋದು. ಕೊನೆಗೆ, ಸಮುದ್ರ ಸರಿ ಇಲ್ಲ ಅಂದ್ರೆ ‘ಇವತ್ತು ಆಗಲ್ಲ’ ಅನ್ನೋ ಧೈರ್ಯ. ದುಡ್ಡು ಕೊಟ್ಟು ಬಂದವರೆದುರು, ಬೋಟ್ ಮಾಲೀಕರೆದುರು ಈ ಮಾತು ಹೇಳೋದು ಎಲ್ಲಕ್ಕಿಂತ ಕಷ್ಟದ ಪರೀಕ್ಷೆ.

ನಮ್ಮ ಊರಿಗೆ ಇದು ದೂರದ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸ್ಕೂಬಾ ಘಟನೆ ಅಲ್ಲ. ಆದರೂ ಆಮೇಲೆ ಬೀಚ್‌ಗೆ ಪ್ರವಾಸಿಗರ ಪ್ರವೇಶವೇ ಬಂದ್ ಆಯಿತು. ಮಕ್ಕಳನ್ನ ಕಳೆದುಕೊಂಡ ಮನೆಯ ನೋವಿನ ಮುಂದೆ ವ್ಯಾಪಾರದ ಮಾತು ಸಣ್ಣದು. ಆದರೆ ನೀರಲ್ಲಿ ಒಂದು ಜೀವ ಹೋದರೆ ಊರಿಗೆ ಊರೇ ಅದರ ಭಾರ ಹೊರುತ್ತೆ ಅನ್ನೋದನ್ನ ಬೀಚ್ ರಸ್ತೆಯ ಅಂಗಡಿಯವರು ಕಣ್ಣಾರೆ ಕಂಡಿದ್ದಾರೆ.

■ ಕಾರ್ಡ್ ಸಿಕ್ಕ ಮೇಲೆ ಏನು ಮಾಡಬಹುದು, ಏನು ಮಾಡಬಾರದು?

ಮಾಡಬಹುದು: ಕಾರ್ಡ್ ಇರೋ ಡೈವರ್‌ಗಳನ್ನ ಕರೆದೊಯ್ಯೋದು, ಡೈವ್ ಉಸ್ತುವಾರಿ ನೋಡೋದು, ಇನ್‌ಸ್ಟ್ರಕ್ಟರ್‌ಗೆ ಪಾಠದಲ್ಲಿ ಸಹಾಯ ಮಾಡೋದು.

ಮಾಡಬಾರದು: ಸ್ವಂತವಾಗಿ ಓಪನ್ ವಾಟರ್ ಕೋರ್ಸ್ ಕಲಿಸಿ ಕಾರ್ಡ್ ಕೊಡೋ ಹಾಗಿಲ್ಲ. ಇನ್ನೊಂದು ಮುಖ್ಯ ವಿಷಯ, ನೇತ್ರಾಣಿಗೆ ಬರೋ ಬಹಳಷ್ಟು ಪ್ರವಾಸಿಗರು ಮೊದಲ ಸಲ ಸ್ಕೂಬಾ ಮಾಡೋರು. ಇದನ್ನ ‘ಡಿಸ್ಕವರ್ ಸ್ಕೂಬಾ’ ಅಂತಾರೆ. ಕನಿಷ್ಠ ವಯಸ್ಸು 10, ಆಳದ ಮಿತಿ 12 ಮೀಟರ್. ಪ್ಯಾಡಿ ನಿಯಮದಲ್ಲಿ ತೆರೆದ ಸಮುದ್ರಕ್ಕೆ ಮೊದಲ ಸಲ ಇಳಿಯೋ ಇಂಥ ಹೊಸಬರ ಹೊಣೆ ಇನ್‌ಸ್ಟ್ರಕ್ಟರ್‌ದು. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಗರಿಷ್ಠ ನಾಲ್ಕು ಜನ, ನೀರು ಮಬ್ಬಾಗಿದ್ದರೆ ಇನ್ನೂ ಕಡಿಮೆ ಮಾಡಬೇಕು. ಡೈವ್‌ಮಾಸ್ಟರ್ ಅಲ್ಲಿ ಸಹಾಯಕ.

ಹಾಗಾಗಿ ನೇತ್ರಾಣಿಯಲ್ಲೇ ನೆಲೆ ನಿಲ್ಲಬೇಕು ಅನ್ನೋರು ಇನ್‌ಸ್ಟ್ರಕ್ಟರ್ ಮೆಟ್ಟಿಲನ್ನೂ ಮನಸ್ಸಲ್ಲಿಟ್ಟುಕೊಂಡೇ ಹೊರಡಬೇಕು. ಅದರ ಪರೀಕ್ಷೆಗೆ ಕೂರೋಕೆ 100 ಡೈವ್ ಆಗಿರಬೇಕು, ಮೊದಲ ಕಾರ್ಡ್ ಪಡೆದು ಕನಿಷ್ಠ 6 ತಿಂಗಳು ಕಳೆದಿರಬೇಕು.

■ ಖರ್ಚು ಯಾವುದಕ್ಕೆಲ್ಲ?

ಸೆಂಟರ್‌ನಿಂದ ಸೆಂಟರ್‌ಗೆ ಫೀ ಬೇರೆ. ಓಪನ್ ವಾಟರ್‌ನಿಂದ ಡೈವ್‌ಮಾಸ್ಟರ್‌ವರೆಗೆ ಎಲ್ಲ ಸೇರಿ ಲಕ್ಷ ರೂಪಾಯಿ ದಾಟೋದು ಸಾಮಾನ್ಯ. ವಿಚಾರಿಸುವಾಗ ಈ ಪಟ್ಟಿ ಕೈಯಲ್ಲಿರಲಿ:

* ನಾಲ್ಕೂ ಕೋರ್ಸಿನ ಫೀ, ಜೊತೆಗೆ ಪ್ರಥಮ ಚಿಕಿತ್ಸೆ ಕೋರ್ಸ್
* ಪುಸ್ತಕ ಅಥವಾ ಇ-ಲರ್ನಿಂಗ್, ಡೈವ್‌ಮಾಸ್ಟರ್ ಅರ್ಜಿ ಶುಲ್ಕ (ಕೋರ್ಸ್ ಫೀನಲ್ಲಿ ಸೇರಿದೆಯಾ ಕೇಳಿ)
* 40 ಮತ್ತು 60 ಡೈವ್ ತುಂಬಿಸೋ ಖರ್ಚು
* ಸ್ವಂತ ಮಾಸ್ಕ್, ಫಿನ್, ಡೈವ್ ಕಂಪ್ಯೂಟರ್
* ವೈದ್ಯಕೀಯ ತಪಾಸಣೆ, ವಿಮೆ
* ಊರಿನಿಂದ ಹೊರಗೆ ಕಲಿತರೆ ರೂಮು, ಊಟ
* ಪ್ರತಿ ವರ್ಷ ಏಜೆನ್ಸಿಗೆ ಕಟ್ಟೋ ಸದಸ್ಯತ್ವ ಶುಲ್ಕ. ಇದನ್ನ ಕಟ್ಟದಿದ್ದರೆ ಕಾರ್ಡ್ ಇದ್ದೂ ಡೈವ್‌ಮಾಸ್ಟರ್ ಆಗಿ ಕೆಲಸ ಮಾಡೋ ಹಾಗಿಲ್ಲ.

ದುಡ್ಡಿಲ್ಲದವರಿಗೆ ‘ಇಂಟರ್ನ್‌ಶಿಪ್’ ದಾರಿ ಇದೆ. ಸೆಂಟರ್‌ನಲ್ಲಿ ಸಿಲಿಂಡರ್ ಹೊರೋದು, ತುಂಬಿಸೋದು, ಸೂಟ್ ತೊಳೆಯೋದು, ಬದಲಿಗೆ ಕೋರ್ಸ್ ಉಚಿತ ಅಥವಾ ರಿಯಾಯಿತಿ. ಹೀಗೆ ಕಲಿತು ಮೇಲೆ ಬಂದವರು ಈ ವೃತ್ತಿಯಲ್ಲಿ ಸಾಕಷ್ಟಿದ್ದಾರೆ. ಆದರೆ ಸೀಸನ್ ಪೂರ್ತಿ ದುಡಿಸಿಕೊಂಡು ಕೊನೆಗೆ ‘ಮುಂದಿನ ವರ್ಷ ಮಾಡಿಸ್ತೀವಿ’ ಅನ್ನೋ ಅಪಾಯವೂ ಇದೆ. ಎಷ್ಟು ತಿಂಗಳು ಕೆಲಸ, ವಾರಕ್ಕೆ ಎಷ್ಟು ಡೈವ್, ಯಾವ ತಿಂಗಳಲ್ಲಿ ಯಾವ ಕೋರ್ಸ್, ಊಟ-ವಸತಿ ಯಾರದ್ದು, ಅರ್ಧಕ್ಕೆ ಬಿಟ್ಟರೆ ಏನು, ಇಷ್ಟನ್ನ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಬಾಯಿಮಾತು ಸಾಕಾಗಲ್ಲ.

■ ಎಲ್ಲಿ ಕಲಿಯಬಹುದು, ಎಷ್ಟು ದಿನ?

ಮುರುಡೇಶ್ವರ ಅಲ್ಲದೆ ಗೋವಾ, ಪುದುಚೇರಿ, ಅಂಡಮಾನ್‌ನ ಸ್ವರಾಜ್ ದ್ವೀಪ (ಹಳೆ ಹೆಸರು ಹ್ಯಾವ್‌ಲಾಕ್), ಲಕ್ಷದ್ವೀಪದಲ್ಲಿ ಡೈವ್ ಸೆಂಟರ್‌ಗಳಿವೆ. ಮಹಾರಾಷ್ಟ್ರದ ಮಾಲ್ವಣ ಹತ್ತಿರ ತಾರಕರ್ಲಿಯಲ್ಲಿ ಅಲ್ಲಿನ ಪ್ರವಾಸೋದ್ಯಮ ನಿಗಮ ಸ್ಕೂಬಾ ತರಬೇತಿ ಸಂಸ್ಥೆಯನ್ನೇ ಕಟ್ಟಿದೆ. ಸೆಂಟರ್‌ನಲ್ಲಿ ಡೈವ್‌ಮಾಸ್ಟರ್ ಕೋರ್ಸ್ ನಡೆಸೋ ಅಧಿಕಾರ ಇರೋ ಇನ್‌ಸ್ಟ್ರಕ್ಟರ್ ಇದ್ದಾರಾ ಅಂತ ಮೊದಲು ಕೇಳಿ.

40 ಡೈವ್ ಕೈಯಲ್ಲಿದ್ದವರಿಗೆ ಡೈವ್‌ಮಾಸ್ಟರ್ ಕೋರ್ಸ್ ಸಾಮಾನ್ಯವಾಗಿ ಕೆಲವು ವಾರದಿಂದ ಎರಡು ತಿಂಗಳು. ಸೊನ್ನೆಯಿಂದ ಶುರು ಮಾಡೋರು ಒಂದು ಸೀಸನ್ ಮೀಸಲಿಡೋದು ಒಳ್ಳೆಯದು.

ಆರೋಗ್ಯದ ವಿಷಯದಲ್ಲಿ ಸುಳ್ಳು ಹೇಳಬಾರದು. ಅಸ್ತಮಾ, ಫಿಟ್ಸ್, ಹೃದಯದ ತೊಂದರೆ, ಕಿವಿ ಆಪರೇಷನ್, ಸಕ್ಕರೆ ಕಾಯಿಲೆ ಇದ್ದರೆ ಫಾರ್ಮ್‌ನಲ್ಲಿ ಬರೆದು, ವೈದ್ಯರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಕೆಲವಕ್ಕೆ ಒಪ್ಪಿಗೆ ಸಿಗಬಹುದು, ಕೆಲವಕ್ಕೆ ಇಲ್ಲ.

■ ಕೆಲಸ, ಸಂಬಳದ ವಾಸ್ತವ

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಮಳೆ ತಗ್ಗೋವರೆಗೆ ಡೈವಿಂಗ್ ಇಲ್ಲ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ ಇರೋದರಿಂದ ಮೀನುಗಾರ ಮನೆಗಳಿಗೆ ಕೈ ಖಾಲಿ ಇರೋ ತಿಂಗಳಲ್ಲೇ ಇಲ್ಲೂ ಕೈ ಖಾಲಿ. ಹಾಗಾಗಿ ತಿಂಗಳ ಸಂಬಳ ಕೇಳುವಾಗ ‘ವರ್ಷಕ್ಕೆ ಎಷ್ಟು ತಿಂಗಳು’ ಅಂತ ಕೂಡ ಕೇಳಬೇಕು. ಕೆಲವು ಕಡೆ ತಿಂಗಳ ಸಂಬಳ, ಕೆಲವು ಕಡೆ ಡೈವ್‌ಗೆ ಇಷ್ಟು ಅಂತ, ಜೊತೆಗೆ ಪ್ರವಾಸಿಗರ ಟಿಪ್ಸ್. ಮಳೆಗಾಲದಲ್ಲಿ ಮಾಲ್ಡೀವ್ಸ್, ಇಂಡೋನೇಷ್ಯಾ, ಥಾಯ್ಲೆಂಡ್ ಕಡೆ ಹೋಗೋರೂ ಇದ್ದಾರೆ. ಅಲ್ಲಿ ಕೆಲಸಕ್ಕೆ ಆಯಾ ದೇಶದ ವರ್ಕ್ ಪರ್ಮಿಟ್ ಬೇಕು, ಟೂರಿಸ್ಟ್ ವೀಸಾದಲ್ಲಿ ದುಡಿದು ಸಿಕ್ಕಿಬಿದ್ದರೆ ಗಡಿಪಾರು ಆಗಬಹುದು.

ದೇಹಕ್ಕೂ ಬೆಲೆ ತೆರಬೇಕು. ಸಿಲಿಂಡರ್ ಹೊತ್ತು ಬೆನ್ನು, ದಿನಾ ಮುಳುಗಿ ಕಿವಿ. ನೆಗಡಿ ಬಂದ ದಿನ ಇಳಿಯೋ ಹಾಗಿಲ್ಲ, ಇಳಿಯದ ದಿನ ದುಡ್ಡಿಲ್ಲ ಅನ್ನೋ ಕಡೆ ಹುಡುಗರು ಕಿವಿ ತಮಟೆ ಹರಿದುಕೊಳ್ಳೋ ಅಪಾಯ ಇರುತ್ತೆ. ರಜೆ, ವಿಮೆ ಬಗ್ಗೆ ಸೇರೋ ಮೊದಲೇ ಮಾತಾಡಬೇಕು.

ಅನುಕೂಲವೂ ಇದೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿ ಯಾವಾಗ ತಿರುಗುತ್ತೆ, ನೀರು ಯಾವಾಗ ತಿಳಿಯಾಗುತ್ತೆ ಅನ್ನೋದು ಪುಸ್ತಕ ಓದದೆ ಗೊತ್ತು. ಕನ್ನಡದಲ್ಲಿ ಧೈರ್ಯ ಹೇಳೋ ಡೈವ್‌ಮಾಸ್ಟರ್ ಇದ್ದರೆ ಹಾವೇರಿ, ದಾವಣಗೆರೆಯಿಂದ ಬಂದವರ ಗಾಬರಿ ಅರ್ಧ ಇಳಿಯುತ್ತೆ. ಹೆಣ್ಣುಮಕ್ಕಳಿಗೂ ಅರ್ಹತೆ ಇದೇ, ಪರೀಕ್ಷೆ ಇದೇ. ಮಹಿಳಾ ಪ್ರವಾಸಿಗರು ಮಹಿಳಾ ಡೈವ್‌ಮಾಸ್ಟರ್ ಇದ್ದರೆ ಹೆಚ್ಚು ನಿರಾಳವಾಗಿರುತ್ತಾರೆ.

■ ಲಾಡ್ಜ್, ಹೋಮ್‌ಸ್ಟೇ, ಅಂಗಡಿಯವರ ಗಮನಕ್ಕೆ

‘ಒಳ್ಳೆ ಸ್ಕೂಬಾದವರು ಯಾರು?’ ಅಂತ ಪ್ರವಾಸಿಗರು ಮೊದಲು ಕೇಳೋದು ನಿಮ್ಮನ್ನೇ. ಕಮಿಷನ್ ಜೊತೆಗೆ ಈ ಆರು ಪ್ರಶ್ನೆಗಳನ್ನೂ ನೋಡಿ:

1. ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಅನುಮತಿ ಪತ್ರ ಇದೆಯಾ? ತೋರಿಸುತ್ತಾರಾ?
2. ನೀರಿಗಿಳಿಯೋ ಸಿಬ್ಬಂದಿಯ ಕಾರ್ಡ್ ಚಾಲ್ತಿಯಲ್ಲಿದೆಯಾ? ಪ್ಯಾಡಿ ವೆಬ್‌ಸೈಟ್‌ನ ‘ಪ್ರೊ ಚೆಕ್’ನಲ್ಲಿ ಸದಸ್ಯತ್ವ ಸಂಖ್ಯೆ ಹಾಕಿದರೆ ಯಾರು ಬೇಕಾದರೂ ನೋಡಬಹುದು.
3. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಹೊಸಬರನ್ನ ಕೊಡುತ್ತಾರೆ?
4. ಬೋಟ್‌ನಲ್ಲಿ ಲೈಫ್ ಜಾಕೆಟ್, ಆಕ್ಸಿಜನ್ ಕಿಟ್, ವೈರ್‌ಲೆಸ್ ಅಥವಾ ಬೇರೆ ಸಂಪರ್ಕ ವ್ಯವಸ್ಥೆ ಇದೆಯಾ?
5. ಗಾಳಿ ತುಂಬೋ ಕಂಪ್ರೆಸರ್ ಡೀಸೆಲ್ ಹೊಗೆಯಿಂದ ದೂರ ಇದೆಯಾ? ಹೊಗೆ ಸೇರಿದ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದು ವಿಷ.
6. ಆರೋಗ್ಯದ ಫಾರ್ಮ್ ತುಂಬಿಸಿಕೊಳ್ಳುತ್ತಾರಾ, ಅಥವಾ ಸಹಿ ಮಾತ್ರ ಹಾಕಿಸುತ್ತಾರಾ?

ಅವಘಡ ಆದರೆ ಮೊದಲು ಆಕ್ಸಿಜನ್ ಕೊಡಬೇಕು. ಗುಳ್ಳೆ ರೋಗದ ಅನುಮಾನ ಇದ್ದರೆ ಒತ್ತಡದ ಚೇಂಬರ್‌ನಲ್ಲಿ ಚಿಕಿತ್ಸೆ ಬೇಕಾಗುತ್ತೆ. ಅಂಥ ಚೇಂಬರ್ ತಾಲೂಕು ಆಸ್ಪತ್ರೆಗಳಲ್ಲಿ ಇರಲ್ಲ. ಎಲ್ಲಿಗೆ, ಹೇಗೆ ಸಾಗಿಸೋದು ಅನ್ನೋದನ್ನ ಡೈವ್ ಸೆಂಟರ್ ಮೊದಲೇ ಬರೆದಿಟ್ಟುಕೊಂಡಿರಬೇಕು. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡೋ ಸೆಂಟರ್‌ಗೆ ಗ್ರಾಹಕರನ್ನೂ ಕಳಿಸಬಹುದು, ಕಲಿಯೋಕೆ ಮನೆ ಮಕ್ಕಳನ್ನೂ ಕಳಿಸಬಹುದು.

ಸೇರಬೇಕು ಅನ್ನೋರು ಇವತ್ತಿನಿಂದಲೇ ಮಾಡಬಹುದಾದ ಕೆಲಸ ಎರಡಿದೆ, ಎರಡಕ್ಕೂ ದುಡ್ಡು ಬೇಡ. ಜೊತೆಗೊಬ್ಬರನ್ನ ಇಟ್ಟುಕೊಂಡು ಶಾಂತ ನೀರಲ್ಲಿ 400 ಮೀಟರ್ ಈಜಿ ಸಮಯ ಬರೆದಿಡೋದು ಒಂದು. ದಿನಕ್ಕೊಂದು ಪುಟ ಇಂಗ್ಲಿಷ್ ಓದೋದು ಇನ್ನೊಂದು. 11 ನಿಮಿಷದಿಂದ ಶುರುವಾದದ್ದು 8ಕ್ಕೆ ಇಳಿದಾಗ ಡೈವ್ ಸೆಂಟರ್ ಬಾಗಿಲು ತಟ್ಟಬಹುದು.